ಪದವೀಧರರ ನಿಲುವಂಗಿ



ಯಾದಗಿರಿಯ ಸಮೀಪದ ರಾಮಸಮುದ್ರದಂಥ ಒಂದು ಊರಿನಲ್ಲಿ, ಮಕ್ಕಳನ್ನು ಕಷ್ಟಪಟ್ಟು ಓದಿಸಿದವರ ಮನೆಗೆ ಹೋದರೆ, ಪಡಸಾಲೆಯ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿಯೇ ಇನ್ನೊಂದು ಪಟವನ್ನು ಕಾಣುವುದು ಅಪೂರ್ವವೇನೂ ಅಲ್ಲ. ಮೊಣಕಾಲಿನ ಕೆಳಗೂ ಇಳಿಯುವ ಕರಿಯ ಗೌನು. ಹೆಗಲನ್ನು ಬಳಸಿ ಬೆನ್ನಿಗೆ ಜೋತುಬಿದ್ದ ಬಣ್ಣದ ಅಂಚಿನ ವಸ್ತ್ರ. ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಆ ಹುಡುಗನೋ ಹುಡುಗಿಯೋ ಆ ಉಡುಪನ್ನು ತೊಟ್ಟಿದ್ದುದು ಒಂದು ದಿನ ಮಾತ್ರ. ಅದೂ ಬಾಡಿಗೆಯ ಉಡುಪು. ಹಾಗಿದ್ದರೂ ಆ ಮನೆತನದ ಚರಿತ್ರೆಯಲ್ಲಿ ಮದುವೆಯ ಚಿತ್ರಕ್ಕಿಂತ ಈ ಚಿತ್ರಕ್ಕೆ ಒಂದು ಕೈ ಹೆಚ್ಚಿನ ಗೌರವ ಸಲ್ಲುವುದುಂಟು. ಈ ಉಡುಪು ಎಲ್ಲಿಂದ ಬಂತು, ನಮ್ಮಲ್ಲಿ ಇದಕ್ಕೆ ಬದಲಾಗಿ ಏನಿತ್ತು, ಇದನ್ನು ಇಟ್ಟುಕೊಳ್ಳಬೇಕೆ ಬಿಡಬೇಕೆ ಎಂಬ ವಿಚಾರವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ಯೂರೋಪಿನ ಕಥೆ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಬೊಲೋನ, ಪ್ಯಾರಿಸ್, ಆಕ್ಸ್‌ಫರ್ಡುಗಳಲ್ಲಿ ವಿದ್ಯಾಪೀಠಗಳು ತಲೆಯೆತ್ತಿದಾಗ ಉತ್ಸವದ ಉಡುಪೆಂಬುದು ಪ್ರತ್ಯೇಕವಾಗಿ ಇರಲಿಲ್ಲ. ಉತ್ತರದ ದೇಶಗಳಲ್ಲಿ ಓದುವವರೂ ಓದಿಸುವವರೂ ಬಹುಮಟ್ಟಿಗೆ ಕ್ರೈಸ್ತ ಮಠಾಲಯಗಳಿಗೆ ಸೇರಿದವರೆಂದೇ ಗಣನೆಗೆ ಬರುತ್ತಿದ್ದರು. ಪಾದ್ರಿಗಳು ಉಡುವುದನ್ನೇ ಅವರೂ ಉಡುತ್ತಿದ್ದರು. ಕಲ್ಲಿನ ಕಟ್ಟಡಗಳು, ಬೆಂಕಿ ಕಾಯಿಸಿಕೊಳ್ಳಲು ಅನುಕೂಲವಿಲ್ಲದ ಕೊಠಡಿಗಳು, ಆರು ತಿಂಗಳ ಚಳಿ. ಉದ್ದನೆಯ ಉಣ್ಣೆಯ ನಿಲುವಂಗಿ ಅಲ್ಲಿ ಅಲಂಕಾರವಲ್ಲ, ಅವಶ್ಯಕತೆ. 1222ರಲ್ಲಿ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಆಕ್ಸ್‌ಫರ್ಡಿನಲ್ಲಿ ಕೂಡಿಸಿದ ಧರ್ಮಸಭೆಯು, ಪಾದ್ರಿವರ್ಗದವರು ಮುಂಭಾಗ ಮುಚ್ಚಿದ ಉದ್ದನೆಯ ಮೇಲಂಗಿಯನ್ನು ತೊಡತಕ್ಕದ್ದೆಂದು ವಿಧಿಸಿತು. ಕಾಲಕ್ರಮದಲ್ಲಿ ಪಾದ್ರಿಗಳು ಅದನ್ನು ಬಿಟ್ಟರು, ವಿದ್ಯಾಪೀಠದವರು ಬಿಡಲಿಲ್ಲ. ಹಳೆಯದನ್ನು ಬಿಡದಿರುವುದರಲ್ಲಿ ಪಂಡಿತರು ಪಾದ್ರಿಗಳನ್ನೂ ಮೀರಿಸಿದವರೆಂದು ಇದರಿಂದ ತಿಳಿಯಬಹುದು.

ಬೆನ್ನಿನ ಮೇಲೆ ಇಳಿಬಿಡುವ ಬಣ್ಣದ ವಸ್ತ್ರಕ್ಕೆ ಇಂಗ್ಲಿಷಿನಲ್ಲಿ ಹುಡ್ ಎಂದು ಹೆಸರು. ಮೊದಲಿಗೆ ಅದು ತಲೆಯ ಹೊದಿಕೆ. ಯಾದಗಿರಿ, ಸುರಪುರಗಳ ಕಡೆಯ ತಾಯಂದಿರು ಕೂಸಿಗೆ ಹಾಕುವ ಕುಂಚಿಗೆಯನ್ನು ನೆನಪಿಗೆ ತಂದುಕೊಳ್ಳಿರಿ: ತಲೆಗೆ ಟೊಪ್ಪಿಗೆ, ಹಿಂದೆ ಬೆನ್ನು ಮುಚ್ಚುವ ಸೆರಗು. ಅಥವಾ ಮಳೆಯಲ್ಲಿ ಕುರುಬರು ಮಡಿಸಿ ತಲೆಯ ಮೇಲೆ ಹೊದ್ದುಕೊಳ್ಳುವ ಕಂಬಳಿಯ ಕೊಪ್ಪೆಯನ್ನು ನೋಡಿರಿ. ಯೂರೋಪಿನ ವಿದ್ಯಾರ್ಥಿಯ ಹುಡ್ ಇವುಗಳ ಜಾತಿಯದೇ. ಟೊಪ್ಪಿಗೆ ಬೇರೆಯಾಗಿ ಬಳಕೆಗೆ ಬಂದ ಮೇಲೆ ಈ ಕುಂಚಿಗೆ ತಲೆಯಿಂದ ಜಾರಿ ಬೆನ್ನಿಗೆ ಬಂತು. ಕೆಲಸವಿಲ್ಲದ ಮೇಲೆ ಅದಕ್ಕೆ ಬಣ್ಣ ಬಂತು. ಯಾವ ಪದವಿ, ಯಾವ ಶಾಸ್ತ್ರ ಎಂಬುದನ್ನು ಹೇಳುವ ಗುರುತಾಗಿ ಅದು ಉಳಿಯಿತು. ಹಾಗೆಯೇ ಚೌಕ ಹಲಗೆಯ ಟೊಪ್ಪಿಗೆಯು ಪಾದ್ರಿಗಳ ಮೂಲೆಟೊಪ್ಪಿಗೆಯಿಂದ ಬೆಳೆದು ಬಂದದ್ದು. ಗಾರೆಯವನು ಸುಣ್ಣಗಾರೆ ಹಿಡಿಯುವ ಹಲಗೆಯಂತಿದೆ ಎಂದು ಅಲ್ಲಿಯ ಜನರೇ ಅದಕ್ಕೆ ಹಾಸ್ಯದ ಹೆಸರನ್ನಿಟ್ಟರು. ಆ ಹೆಸರೇ ನಿಂತಿತು.

ಈ ಉಡುಪು ಕಾವಲಿನ ಸಾಧನವೂ ಆಗಿತ್ತೆಂಬುದನ್ನು ಮರೆಯಬಾರದು. ರಾತ್ರಿಯ ಹೊತ್ತು ಪಾನಗೃಹಗಳಲ್ಲಿ ವಿದ್ಯಾರ್ಥಿ ಯಾರು, ಪಟ್ಟಣಿಗ ಯಾರು ಎಂದು ತಿಳಿಯಬೇಕಾದರೆ ಗೌನು ಬೇಕು. ಪಟ್ಟಣಿಗರಿಗೂ ಗೌನಿನವರಿಗೂ ಇದ್ದ ಹಗೆ 1355ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ದೊಡ್ಡ ಗಲಭೆಯಾಗಿ ಹೊತ್ತಿ ಅನೇಕ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ದ್ರಾಕ್ಷಾರಸ ಚೆನ್ನಾಗಿಲ್ಲವೆಂಬ ಮಾತಿನಿಂದ ಜಗಳ ಮೊದಲಾಯಿತಂತೆ! ಮುಂದೆ 1636ರಲ್ಲಿ ಆರ್ಚ್‌ಬಿಷಪ್ ಲಾಡ್ ರಚಿಸಿಕೊಟ್ಟ ನಿಬಂಧನೆಗಳಲ್ಲಿ ಆಕ್ಸ್‌ಫರ್ಡಿನವರ ಉಡುಪಿಗೂ ಕಟ್ಟುಪಾಡುಗಳು ಸೇರಿದವು. ಅಮೆರಿಕದವರು ವ್ಯವಹಾರಸ್ಥರು, 1895ರಲ್ಲಿ ಎಲ್ಲ ವಿದ್ಯಾಪೀಠಗಳಿಗೂ ಒಪ್ಪುವ ಒಂದು ಸಂಹಿತೆಯನ್ನು ಮಾಡಿ, ಸಾಹಿತ್ಯಕ್ಕೆ ಬಿಳಿ, ವೈದ್ಯಕ್ಕೆ ಹಸಿರು, ನ್ಯಾಯಶಾಸ್ತ್ರಕ್ಕೆ ನೇರಿಳೆ, ವಿಜ್ಞಾನಕ್ಕೆ ಹೊಂಬಣ್ಣ ಎಂದು ಪಟ್ಟಿ ಹಾಕಿಬಿಟ್ಟರು.

ಇದಿಷ್ಟು ಆ ಕಡೆಯದು. ನಮ್ಮ ಕಡೆಯ ವಿಚಾರ ಇದಕ್ಕಿಂತ ಹಳೆಯದು, ಮತ್ತು ಅದರ ಅರ್ಥ ನೇರವಾಗಿ ಇದಕ್ಕೆ ವಿರುದ್ಧವಾದದ್ದು.

ಗೃಹ್ಯಸೂತ್ರಗಳಲ್ಲಿ ಸಮಾವರ್ತನವೆಂಬ ಸಂಸ್ಕಾರ ಹೇಳಲ್ಪಟ್ಟಿದೆ. ಗುರುಕುಲದಲ್ಲಿ ವ್ಯಾಸಂಗ ಮುಗಿಸಿದ ಬ್ರಹ್ಮಚಾರಿ ಮನೆಗೆ ಹಿಂದಿರುಗುವಾಗ ನಡೆಯತಕ್ಕ ವಿಧಿ ಇದು. ಆ ದಿನ ಬೆಳಿಗ್ಗೆ ಅವನನ್ನು ಒಂದು ಕೊಠಡಿಯೊಳಗೆ ಇರಿಸಬೇಕೆಂದು ಒಂದು ಸೂತ್ರವು ಹೇಳುತ್ತದೆ. ವಿದ್ಯೆಯಿಂದ ಬೆಳಗುವ ಅವನ ತೇಜಸ್ಸಿನೆದುರಿಗೆ ಸೂರ್ಯನಿಗೆ ಅವಮಾನವಾಗಬಾರದಂತೆ. ಎಂಥ ಕಲ್ಪನೆ! ಅನಂತರ ಕ್ಷೌರ, ಸ್ನಾನ. ಸ್ನಾನ ಮಾಡಿದವನಾದ್ದರಿಂದ ಅವನಿಗೆ ಸ್ನಾತಕನೆಂದು ಹೆಸರು. ಪದವೀಧರನಿಗೆ ನಾವು ಈಗಲೂ ಬಳಸುವ ಮಾತು ಅದೇ. ವಿದ್ಯೆಯನ್ನು ಮಾತ್ರ ಮುಗಿಸಿದವನು ವಿದ್ಯಾಸ್ನಾತಕ, ವ್ರತವನ್ನು ಮಾತ್ರ ಮುಗಿಸಿದವನು ವ್ರತಸ್ನಾತಕ, ಎರಡನ್ನೂ ಮುಗಿಸಿದವನು ವಿದ್ಯಾವ್ರತಸ್ನಾತಕ. ಮೂರನೆಯವನೇ ಶ್ರೇಷ್ಠ. ಈಗಿನ ಪರೀಕ್ಷಾಪದ್ಧತಿಯಲ್ಲಿ ಈ ಮೂರರಲ್ಲಿ ಯಾವುದಕ್ಕೂ ಸೇರದ ನಾಲ್ಕನೆಯ ವರ್ಗವೊಂದು ಹುಟ್ಟಿಕೊಂಡಿದೆಯೆಂದು ಕೆಲವು ಉಪಾಧ್ಯಾಯರು ಹೇಳುವುದುಂಟು, ಅದಿರಲಿ.

ಸ್ನಾನವಾದ ಮೇಲೆ ಬ್ರಹ್ಮಚಾರಿಯು ಇದುವರೆಗೆ ಧರಿಸಿದ್ದ ಮೌಂಜಿ, ಜಿಂಕೆಯ ಚರ್ಮ, ದಂಡ ಇವುಗಳನ್ನು ತ್ಯಜಿಸುತ್ತಾನೆ. ಹೊಸ ವಸ್ತ್ರಗಳೆರಡು, ಕಣ್ಣಿಗೆ ಕಾಡಿಗೆ, ಕಿವಿಗೆ ಕುಂಡಲ, ಕೊರಳಿಗೆ ಹೂಮಾಲೆ, ತಲೆಗೆ ಉಷ್ಣೀಷ ಅಂದರೆ ರುಮಾಲು, ಕೈಗೆ ಬಿದಿರಿನ ಕೋಲು, ಕಾಲಿಗೆ ಪಾದರಕ್ಷೆ, ಮೇಲೆ ಹಿಡಿಯಲು ಕೊಡೆ, ಕೊನೆಗೆ ಮುಖ ನೋಡಿಕೊಳ್ಳಲು ಕನ್ನಡಿ. ಓದುವಾಗ ನಿಷಿದ್ಧವಾಗಿದ್ದುದೆಲ್ಲ ಓದು ಮುಗಿದ ದಿನ ವಿಹಿತವಾಗುತ್ತದೆ. ಯೂರೋಪಿನ ಪದವೀಧರನು ವಿದ್ಯಾರ್ಥಿಯ ಉಡುಪನ್ನು ಭದ್ರವಾಗಿ ಮೈಗೆ ಅಂಟಿಸಿಕೊಂಡು ಪದವಿ ಪಡೆಯುತ್ತಾನೆ. ನಮ್ಮ ಸ್ನಾತಕನು ವಿದ್ಯಾರ್ಥಿಯ ಉಡುಪನ್ನು ಕಳಚಿಹಾಕಿ ಪದವಿ ಪಡೆಯುತ್ತಾನೆ. ಅಲ್ಲಿ ಗೌನು ತೊಟ್ಟವನು ವಿದ್ವಾಂಸರ ಸಂಘಕ್ಕೆ ಸೇರಿದನೆಂದು ಅರ್ಥ. ಇಲ್ಲಿ ಹೊಸ ಪಂಚೆಯುಟ್ಟವನು ಸಂಸಾರಕ್ಕೆ ಬಂದನೆಂದು ಅರ್ಥ.

ನಮ್ಮ ನಾಡಿನ ಮತ್ತೊಂದು ವಿದ್ಯಾಪರಂಪರೆಯನ್ನೂ ಇಲ್ಲಿ ನೆನೆಯಬೇಕು. ಬಹಮನಿಯ ಮಂತ್ರಿ ಖ್ವಾಜಾ ಮಹಮೂದ್ ಗವಾನನು ಬೀದರಿನಲ್ಲಿ 1472ರಲ್ಲಿ ಕಟ್ಟಿಸಿದ ಮದರಸಾದ ಅವಶೇಷ ಇಂದಿಗೂ ನಿಂತಿದೆ. ಮದರಸಾಗಳಲ್ಲಿ ವ್ಯಾಸಂಗ ಮುಗಿಸಿದವನಿಗೆ ಹಿರಿಯ ಉಸ್ತಾದರು ತಲೆಗೆ ರುಮಾಲು ಸುತ್ತುವ ವಿಧಿಗೆ ದಸ್ತಾರ್‌ಬಂದಿ ಎಂದು ಹೆಸರು. ಸ್ನಾತಕನ ಉಷ್ಣೀಷಕ್ಕೂ ಮೌಲವಿಯ ದಸ್ತಾರಕ್ಕೂ ಸಂಬಂಧವಿದೆಯೆಂದು ನಾನು ಸಾಧಿಸಹೊರಟಿಲ್ಲ. ಆದರೆ ಬಿಸಿಲಿನ ದೇಶಗಳಲ್ಲಿ ವಿದ್ಯೆಯ ಮರ್ಯಾದೆಯನ್ನು ತಲೆಯ ಮೇಲೆ ಇಟ್ಟರು, ಚಳಿಯ ದೇಶಗಳಲ್ಲಿ ಬೆನ್ನಿನ ಮೇಲೆ ಹೊದಿಸಿದರು ಎಂಬುದನ್ನು ಗಮನಿಸುವುದರಲ್ಲಿ ತಪ್ಪಿಲ್ಲ.

ಪದವೀದಾನದ ಸಮಾರಂಭಕ್ಕೆ ಕನ್ನಡದಲ್ಲಿ ಘಟಿಕೋತ್ಸವವೆಂಬ ಸೊಗಸಾದ ಮಾತುಂಟು. ಘಟಿಕೆ, ಘಟಿಕಾಸ್ಥಾನ ಎಂದರೆ ಪೂರ್ವಕಾಲದ ಉಚ್ಚ ವಿದ್ಯಾಶಾಲೆ. ಕದಂಬ ಮಯೂರಶರ್ಮನು ಗುರು ವೀರಶರ್ಮನೊಡನೆ ಓದಲು ಹೋದದ್ದು ಕಂಚಿಯ ಘಟಿಕೆಗೆ; ತಾಳಗುಂದದ ಶಾಸನ ಇದನ್ನು ಹೇಳುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ರಾಮಸಮುದ್ರದ ನೆರೆಸೀಮೆಯಾದ ಚಿತ್ತಾಪುರದ ಬಳಿ ನಾಗಾವಿ ಎಂಬ ಊರಿದೆ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, 1058ರ ಅಲ್ಲಿಯ ಶಾಸನವು ಅವನ ಮಂತ್ರಿಯಾದ ಮಧುಸೂದನನು ಏರ್ಪಡಿಸಿದ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ವೇದಗಳನ್ನು ಓದುವ ನೂರಾರು ವಿದ್ಯಾರ್ಥಿಗಳು, ಶಾಸ್ತ್ರಗಳನ್ನು ಓದುವ ಬೇರೊಂದು ತಂಡ, ಅವರವರಿಗೆ ಪ್ರತ್ಯೇಕ ಉಪಾಧ್ಯಾಯರು, ಎಲ್ಲರಿಗೂ ಅನ್ನವಸ್ತ್ರ, ಮತ್ತು ಪುಸ್ತಕಗಳನ್ನು ಕಾಯಲು ಸರಸ್ವತೀ ಭಂಡಾರಿಗರೆಂಬ 6 ಮಂದಿ. ಒಂದು ವಿದ್ಯಾಶಾಲೆಗೆ ಆರು ಜನ ಗ್ರಂಥಪಾಲಕರು! ಇಂದಿನ ಎಷ್ಟು ಕಾಲೇಜುಗಳು ಈ ಮಾತನ್ನು ಕೇಳಿ ತಲೆತಗ್ಗಿಸಬೇಕಾದೀತು. ಯಾದಗಿರಿ ಸೀಮೆಯವರಿಗೆ ಘಟಿಕೋತ್ಸವವೆಂಬುದು ಪರದೇಶದಿಂದ ಬಂದ ಸರಕಲ್ಲ. ಅದರ ಹೆಸರು ಅವರ ನೆರೆಯ ಕಲ್ಲಿನ ಮೇಲೆಯೇ ಇದೆ.

ಆದರೆ ಈ ಅಭಿಮಾನದ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ಆ ಘಟಿಕೆಯಲ್ಲಿ ವೇದವನ್ನು ಓದಿದವರು ಯಾರು? ಉಷ್ಣೀಷ, ಕೊಡೆ, ಪಾದರಕ್ಷೆಗಳನ್ನು ಪಡೆದವರು ಯಾರು? ಸಮಾವರ್ತನದ ಸ್ನಾನ ಹೆಂಗಸರಿಗೆ ಇರಲಿಲ್ಲ, ಶೂದ್ರರಿಗೆ ಇರಲಿಲ್ಲ, ಅವರಿಗೂ ಹೊರಗಿನವರೆಂದು ಊರಾಚೆ ಇಟ್ಟವರ ಮಾತಂತೂ ಏಳುವಂತೆಯೇ ಇರಲಿಲ್ಲ. ಸ್ನಾತಕನಿಗೆ ಕೊಡೆಯೂ ಪಾದರಕ್ಷೆಯೂ ಗೌರವದ ಗುರುತಾಗಿದ್ದ ಈ ದೇಶದಲ್ಲಿಯೇ, ಮೇಲಿನವರ ಕೇರಿಯಲ್ಲಿ ಕಾಲಿಗೆ ಮೆಟ್ಟು ಹಾಕಿಕೊಂಡು, ಕೊಡೆ ಬಿಚ್ಚಿಕೊಂಡು ನಡೆಯುವುದು ಅನೇಕ ಜಾತಿಗಳವರಿಗೆ ಅಪರಾಧವೆನಿಸಿತ್ತು. ಮೊನ್ನೆ ಮೊನ್ನೆಯವರೆಗೂ ಎನಿಸಿತ್ತು. ಗೌನಿನ ವಿಚಾರವನ್ನು ಎತ್ತುವವರು ಈ ಕೊಡೆ, ಈ ಮೆಟ್ಟುಗಳನ್ನು ಎದುರಿಗಿಟ್ಟುಕೊಂಡೇ ಮಾತನಾಡಬೇಕೆಂದು ನನ್ನ ವಿಜ್ಞಾಪನೆ.

ಗೌನು ನಮ್ಮ ದೇಶಕ್ಕೆ ಬಂದದ್ದು 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದ ಮೇಲೆ. ಇವಕ್ಕೆ ಮಾದರಿ ಲಂಡನ್ ವಿಶ್ವವಿದ್ಯಾನಿಲಯ. ಮರುವರ್ಷವೇ ಬಂಕಿಮಚಂದ್ರ ಚಟ್ಟೋಪಾಧ್ಯಾಯರೂ ಯದುನಾಥ ಬೋಸರೂ ಕಲ್ಕತ್ತದ ಮೊದಲ ಬಿ.ಎ. ಪದವೀಧರರಾದರು. ಮದರಾಸಿನ ಪದವೀಧರರ ಹಳೆಯ ಛಾಯಾಚಿತ್ರಗಳಲ್ಲಿ ಒಂದು ವಿನೋದ ಕಾಣುತ್ತದೆ: ಮೈಮೇಲೆ ಇಂಗ್ಲಿಷರ ಗೌನು, ತಲೆಯ ಮೇಲೆ ತಮ್ಮ ತಮ್ಮ ಮನೆತನದ ರುಮಾಲು. ಬರಿದಲೆಯಲ್ಲಿ ಸಭೆಗೆ ಹೋಗುವುದು ಅಮರ್ಯಾದೆಯೆಂದು ಬಗೆದಿದ್ದ ಕಾಲ ಅದು. ಚೌಕ ಹಲಗೆಯ ಟೊಪ್ಪಿಗೆ ಇಲ್ಲಿ ಅನೇಕ ಕಡೆ ಬೇರುಬಿಡದೆ ಹೋದದ್ದಕ್ಕೆ ಕಾರಣ ಇದೇ ಇರಬೇಕು. ಅದು ಬಂದಾಗ ತಲೆ ಖಾಲಿಯಿರಲಿಲ್ಲ.

ಹೆಂಗಸರ ವಿಷಯದಲ್ಲಿ ನಮ್ಮ ದೇಶದ ಗೌನು ತನ್ನ ತವರನ್ನೇ ಮುಂದೆ ಹಾದುಹೋಯಿತು. ಕಲ್ಕತ್ತದಲ್ಲಿ ಚಂದ್ರಮುಖಿ ಬಸು, ಕಾದಂಬಿನಿ ಗಂಗೂಲಿ ಇವರಿಬ್ಬರೂ 1883ರಲ್ಲಿ ಪದವೀಧರೆಯರಾದರು. ಆಕ್ಸ್‌ಫರ್ಡು ಹೆಂಗಸರಿಗೆ ಪದವಿ ಕೊಟ್ಟದ್ದು 1920ರಲ್ಲಿ. ಕೇಂಬ್ರಿಜ್ಜು ಪೂರ್ಣ ಪದವಿಯನ್ನು ಕೊಟ್ಟದ್ದು 1948ರಲ್ಲಿ. ಕಲ್ಕತ್ತಕ್ಕಿಂತ 65 ವರ್ಷ ಹಿಂದೆ ಬಿದ್ದು! 1890ರಲ್ಲಿ ಫಿಲಿಪ್ಪ ಫಾಸೆಟ್ ಎಂಬಾಕೆ ಕೇಂಬ್ರಿಜ್ಜಿನ ಗಣಿತದ ಪರೀಕ್ಷೆಯಲ್ಲಿ ಮೊದಲನೆಯ ಗಂಡಸಿಗಿಂತಲೂ ಹೆಚ್ಚು ಅಂಕಗಳನ್ನು ಗಳಿಸಿದರೂ ಪದವಿಯಿಲ್ಲ, ಗೌನಿಲ್ಲ. 1904ರಿಂದ 1907ರವರೆಗೆ ಈ ಎರಡು ವಿದ್ಯಾಪೀಠಗಳಲ್ಲಿ ಓದಿ ತೇರ್ಗಡೆಯಾದ ಸುಮಾರು 700 ಮಂದಿ ಹೆಂಗಸರು ಉಗಿಹಡಗು ಹತ್ತಿ ಐರ್ಲೆಂಡಿನ ಡಬ್ಲಿನ್ನಿಗೆ ಹೋಗಿ, ಅಲ್ಲಿಯ ಟ್ರಿನಿಟಿ ಕಾಲೇಜಿನಿಂದ ಪದವಿ ಪಡೆದು ಬಂದರು. ಗೌನೆಂಬುದು ಬರಿಯ ಬಟ್ಟೆಯಾಗಿದ್ದರೆ ಅದಕ್ಕಾಗಿ ಸಮುದ್ರ ದಾಟುವವರು ಯಾರು?

ಈಗ ಮೈಸೂರಿಗೆ ಬರೋಣ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ದೇಶೀಯ ಸಂಸ್ಥಾನಗಳಲ್ಲಿ ಮೊದಲನೆಯದು. ಎಚ್. ವಿ. ನಂಜುಂಡಯ್ಯನವರು ಅದರ ಮೊದಲ ಉಪಕುಲಪತಿಗಳು. 1918ರಲ್ಲಿ ನಡೆದ ಮೊದಲ ಘಟಿಕೋತ್ಸವಕ್ಕೆ ಕಲ್ಕತ್ತದಿಂದ ಸರ್ ಆಶುತೋಷ ಮುಖರ್ಜಿಯವರು ಬಂದು ಭಾಷಣ ಮಾಡಿದರು. ಆರಂಭದ ಘಟಿಕೋತ್ಸವಗಳು ಜಗನ್ಮೋಹನ ಅರಮನೆಯ ಸಭಾಂಗಣದಲ್ಲಿ ಜರುಗಿದವು. ದರಬಾರಿನ ಉಡುಪು ಯಾವುದು, ವಿದ್ಯಾಸಭೆಯ ಉಡುಪು ಯಾವುದು ಎಂಬ ವಿವೇಚನೆ ಆ ಅರಮನೆಯೊಳಗೆ ಸುಲಭವಾಗಿರಲಾರದು. ಉದ್ದನೆಯ ಕೋಟು, ಜರಿಯ ಪೇಟ, ಕೊರಳಿಗೆ ವಲ್ಲಿ ಇದು ಮೈಸೂರಿನ ಸಭ್ಯಗೃಹಸ್ಥನ ಉಡುಪು; ವಿಶ್ವೇಶ್ವರಯ್ಯನವರನ್ನು ಪೇಟವಿಲ್ಲದೆ ನಾವು ಕಲ್ಪಿಸಿಕೊಳ್ಳುವುದು ಕಷ್ಟ.

1918 ಇನ್ನೆರಡು ಕಾರಣಗಳಿಂದ ನೆನಪಿನಲ್ಲಿಡತಕ್ಕ ವರ್ಷ. ಮೈಸೂರು ಸರ್ಕಾರದ ಹುದ್ದೆಗಳಲ್ಲಿ ಎಲ್ಲ ಮತಸ್ಥರಿಗೂ ತಕ್ಕ ಸ್ಥಾನ ದೊರೆಯುವಂತೆ ಸಲಹೆ ಕೊಡಲು ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾದದ್ದು ಅದೇ ವರ್ಷ. ಒಂದು ಕಡೆ ಗೌನಿನ ಮೆರವಣಿಗೆ. ಮತ್ತೊಂದು ಕಡೆ, ಆ ಮೆರವಣಿಗೆಯಲ್ಲಿ ಇಲ್ಲದವರು ಯಾರೆಂಬ ಲೆಕ್ಕ. ಈ ಎರಡನ್ನೂ ಜೊತೆಯಲ್ಲಿಟ್ಟು ಓದಬೇಕೆಂದು ನನಗೆ ತೋರುತ್ತದೆ. ಇನ್ನೊಂದು ಸಂಗತಿ, ಹೈದರಾಬಾದಿನಲ್ಲಿ ಉಸ್ಮಾನಿಯ ವಿಶ್ವವಿದ್ಯಾನಿಲಯದ ಸ್ಥಾಪನೆ. ಆಗ್ಗೆ ಯಾದಗಿರಿ, ಶಹಾಪುರ, ಸುರಪುರ ಎಲ್ಲವೂ ನಿಜಾಮರ ಆಳ್ವಿಕೆಗೆ ಸೇರಿದ್ದವು. ಉಸ್ಮಾನಿಯದ ಬೋಧನೆ ಉರ್ದುವಿನಲ್ಲಿ. ದೇಶಭಾಷೆಯೊಂದರಲ್ಲಿ ಉಚ್ಚ ವಿದ್ಯೆಯನ್ನು ಕಲಿಸಿದ್ದು ದೊಡ್ಡ ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಯಲ್ಲಿ ಕನ್ನಡವಾಡುವ ರಾಮಸಮುದ್ರದ ಹುಡುಗನಿಗೆ ಆ ದೇಶಭಾಷೆ ಇಂಗ್ಲಿಷಿನಷ್ಟೇ ಪರಭಾಷೆ. ಉರ್ದುವನ್ನು ಗಟ್ಟಿ ಮಾಡಿಕೊಂಡು ಹೈದರಾಬಾದಿಗೆ ಹೋಗಬೇಕು. ಇಲ್ಲವೆ ಸಂಸ್ಥಾನದ ಗಡಿ ದಾಟಿ ಧಾರವಾಡಕ್ಕೋ ಪುಣೆಗೋ ಹೋಗಬೇಕು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟಿ ಧಾರವಾಡಕ್ಕೆ ಬಂತು. 1970ರಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಗುಲ್ಬರ್ಗದಲ್ಲಿ ತೆರೆಯಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾನಿಲಯವೇ ಸ್ಥಾಪಿತವಾಯಿತು. ನಾಗಾವಿಯ ಶಾಸನದಿಂದ ಇಲ್ಲಿಗೆ 922 ವರ್ಷ. ಆ ಸೀಮೆಯಲ್ಲಿ ಮತ್ತೊಮ್ಮೆ ಘಟಿಕೋತ್ಸವವಾಗಲು ಇಷ್ಟು ಕಾಲ ಹಿಡಿಯಿತು.

ಉಸ್ಮಾನಿಯದ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ಬಹಳವಾಗಿ ಹಿಡಿಸುವ ದಿನವೆಂದರೆ 1953ರ ಜನವರಿ 12. ಅಂದು ಅದು ಡಾಕ್ಟರ್ ಅಂಬೇಡ್ಕರ್ ಅವರಿಗೆ ಡಿ.ಲಿಟ್. ಪದವಿಯನ್ನು ಅರ್ಪಿಸಿತು. ಅದರ ಹಿಂದಿನ ವರ್ಷ, 1952ರ ಜೂನ್ 5ರಂದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯವು ಅವರಿಗೆ ಎಲ್‌ಎಲ್.ಡಿ. ಗೌರವವನ್ನು ಸಲ್ಲಿಸಿತ್ತು, ಆ ದಿನ ಅವರು ಗೌನು ಧರಿಸಿ ನಿಂತ ಚಿತ್ರವಿದೆ. ಬಾಲ್ಯದಲ್ಲಿ ಶಾಲೆಯ ಕೊಠಡಿಯಲ್ಲಿ ಉಳಿದ ಮಕ್ಕಳ ಸಾಲಿನಲ್ಲಿ ಕೂರಲು ಅವರಿಗೆ ಅಪ್ಪಣೆಯಿರಲಿಲ್ಲ. ಮನೆಯಿಂದ ತಂದ ಗೋಣಿತಟ್ಟನ್ನು ಮೂಲೆಯಲ್ಲಿ ಹಾಸಿಕೊಂಡು ಕೂರಬೇಕಾಗಿತ್ತು. ಆ ಗೋಣಿತಟ್ಟನ್ನೂ ಈ ಗೌನನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ, ಹಳ್ಳಿಯ ಮನೆಯೊಂದರಲ್ಲಿ ಮೊದಲ ಪದವೀಧರನ ಪಟ ದೇವರ ಪಟಗಳ ಸಾಲಿಗೆ ಏರಿದ್ದು ಏತಕ್ಕೆಂದು ಬೇರೆ ವಿವರಿಸಬೇಕಾಗಿಲ್ಲ.

ಹೀಗಿರುವಲ್ಲಿ, ಗೌನನ್ನು ಕಿತ್ತೆಸೆಯಬೇಕೆಂಬ ಕೂಗು ಆಗಾಗ ಏಳುತ್ತದೆ. 2010ರ ಏಪ್ರಿಲಿನಲ್ಲಿ, ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿ ಆಗ ಕೇಂದ್ರದ ಸಚಿವರಾಗಿದ್ದ ಜಯರಾಮ್ ರಮೇಶ್ ಅವರು ಭೋಪಾಲಿನ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದಲ್ಲಿ, ಇದು ಪರರಾಳ್ವಿಕೆ ಬಿಟ್ಟುಹೋದ ಅನಾಗರಿಕ ಪದ್ಧತಿಯೆಂದು ಹೇಳಿ ವೇದಿಕೆಯ ಮೇಲೆಯೇ ಗೌನನ್ನು ಕಳಚಿದರು. 2019ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆಯನ್ನು ಬಳಸುವಂತೆ ವಿಶ್ವವಿದ್ಯಾನಿಲಯಗಳಿಗೆ ಬರೆಯಿತು. ರವೀಂದ್ರರ ವಿಶ್ವಭಾರತಿಯಲ್ಲಿ ಪದವೀಧರರಿಗೆ ಸಪ್ತಪರ್ಣಿಯ ಎಲೆಯನ್ನು ಕೊಡುವ ಸಂಪ್ರದಾಯ ಮೊದಲಿಂದಲೂ ಪ್ರಸಿದ್ಧವಾದದ್ದು. ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ತನ್ನ ಘಟಿಕೋತ್ಸವವನ್ನು ನುಡಿಹಬ್ಬವೆಂದು ಕರೆದು, ಪಂಪನ ಬಿರುದಾದ ನಾಡೋಜ ಎಂಬುದನ್ನೇ ಗೌರವ ಪದವಿಗೆ ಇಟ್ಟಿತು.

ಕೈಮಗ್ಗದ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಬಿಸಿಲುಸೀಮೆಯ ಬೇಸಗೆಯಲ್ಲಿ ನೈಲಾನಿನ ಕರಿಯ ಗೌನು ಹೊದ್ದು ಮೂರು ಗಂಟೆ ಕುಳಿತುಕೊಳ್ಳುವುದು ಪಂಚಾಗ್ನಿ ತಪಸ್ಸಿಗೆ ಸಮಾನ. ಲ್ಯಾಂಗ್ಟನ್ನನ ಸಭೆ ಆಕ್ಸ್‌ಫರ್ಡಿನ ಚಳಿಯಲ್ಲಿ ವಿಧಿಸಿದ್ದನ್ನು ನಾವು ಭೀಮಾನದಿಯ ಬಯಲಿನಲ್ಲಿ ಚಾಚೂ ತಪ್ಪದೆ ನಡೆಸಬೇಕಾದ ಕಾರಣವಿಲ್ಲ.

ಆದರೆ ಗೌನನ್ನು ತೆಗೆದು ದೇಶೀಯ ಉಡುಪನ್ನು ತರಬೇಕೆಂದಾಗ ನಾನು ಕೇಳುವ ಪ್ರಶ್ನೆಯೊಂದೆ: ಯಾರ ದೇಶೀಯ ಉಡುಪು? ಧೋತರದ ಕಚ್ಚೆಯನ್ನು ಹಾಕುವ ಕ್ರಮದಿಂದ, ರುಮಾಲಿನ ಸುತ್ತಿನಿಂದ, ಸೀರೆಯ ಸೆರಗು ಎಡಕ್ಕೋ ಬಲಕ್ಕೋ ಎಂಬುದರಿಂದ ಮನುಷ್ಯನ ಊರು, ಕಸುಬು, ಜಾತಿ ಮೂರನ್ನೂ ಹೇಳಿಬಿಡುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇದ್ದರು. ಜರಿಯ ಅಂಚು ಕೊಳ್ಳಬಲ್ಲವರು ಯಾರು, ಕೊಳ್ಳಲಾರದವರು ಯಾರು ಎಂಬುದು ಬರಿಗಣ್ಣಿಗೇ ಕಾಣುವ ಸಂಗತಿ. ಗೌನು ಪರದೇಶದ್ದು ನಿಜ. ಪರದೇಶದ್ದಾದ್ದರಿಂದಲೇ ಅದು ನಮ್ಮಲ್ಲಿ ಯಾವ ಜಾತಿಗೂ ಸೇರಲಿಲ್ಲ. ಸಾಹುಕಾರನ ಮಗನ ರೇಷ್ಮೆಯ ಅಂಗಿಯನ್ನೂ ಕೂಲಿಯವನ ಮಗಳ ಹತ್ತಿಯ ಸೀರೆಯನ್ನೂ ಒಂದೇ ಸಮನಾಗಿ ಅದು ಮುಚ್ಚಿತು. ತನ್ನ ತವರಿನಲ್ಲಿ ಪಾದ್ರಿಗಳಿಗೂ ಪಟ್ಟಣಿಗರಿಗೂ ಭೇದ ಮಾಡಲು ಹುಟ್ಟಿದ ಬಟ್ಟೆ ಇಲ್ಲಿ ಬಂದು ಭೇದವನ್ನು ಮರೆಸುವ ಕೆಲಸ ಮಾಡಿತು. ಇದು ಇಂಗ್ಲಿಷರು ಉದ್ದೇಶಿಸಿ ಮಾಡಿದ ಉಪಕಾರವೇನೂ ಅಲ್ಲ. ಆದರೂ ಬದಲಿಗೆ ಬರತಕ್ಕ ಉಡುಪು ಯಾವುದಾದರೂ ಈ ಒಂದು ಗುಣವನ್ನು ಉಳಿಸಿಕೊಳ್ಳದಿದ್ದರೆ ಬದಲಾವಣೆಗೆ ನಾನು ಒಪ್ಪಲಾರೆ.

ನೂಲು ನಮ್ಮದಾಗಲಿ, ಬಣ್ಣ ತಿಳಿಯದಾಗಲಿ, ಹೊಲಿಗೆ ಸಡಿಲವಾಗಲಿ. ಎಲ್ಲರ ಮೇಲೆಯೂ ಅದು ಒಂದೇ ಆಗಿರಲಿ. ಕರಿಯ ಬಣ್ಣವೇ ಇರಬೇಕೆಂಬ ನಿಯಮ 1222ರಲ್ಲಿಯೂ ಇರಲಿಲ್ಲ. ಹೊಸದಾಗಿ ಹೊಲಿಸುವವರು ಇನ್ನೊಂದು ಸಣ್ಣ ವಿಷಯವನ್ನೂ ಗಮನಿಸಬೇಕು. ಹುಡ್ ಎಂಬ ಆ ಬೆನ್ನಿನ ವಸ್ತ್ರ ಗಂಡಸರ ಅಂಗಿಯ ಗುಂಡಿಗೆ ಕೊಂಡಿ ಹಾಕಿ ನಿಲ್ಲಿಸುವಂತೆ ರೂಪಿಸಿದ್ದು. ಸೀರೆಯುಟ್ಟವರಿಗೆ ಆ ಗುಂಡಿಯಿಲ್ಲ. ಅದು ಹಿಂದಕ್ಕೆ ಜಾರಿ ಕೊರಳನ್ನು ಒತ್ತುತ್ತದೆ. ಕಲ್ಕತ್ತದ ಆ ಇಬ್ಬರು ಹೆಂಗಸರು ಪದವಿ ಪಡೆದು ನೂರನಲವತ್ತು ವರ್ಷ ಕಳೆದರೂ ನಮ್ಮ ಹೆಣ್ಣುಮಕ್ಕಳು ವೇದಿಕೆ ಹತ್ತುವ ಮೊದಲು ಪಿನ್ನುಗಳನ್ನು ಹುಡುಕಿಕೊಂಡು ಓಡಾಡುತ್ತಿದ್ದಾರೆ. ಕೈಮಗ್ಗದ ಗೌನು ಬರುವ ದಿನ ದರ್ಜಿಯವರು ಅದಕ್ಕೂ ಎರಡು ದಾರಗಳನ್ನು ಹಾಕಿಕೊಡಲಿ.